ಸರ್ಕಾರಿ ಗುಡ್ಡದಲ್ಲಿ ನಮ್ಮ ಜೀಪಿಗೆ ಮಾತ್ರ ಯಾಕೆ ತಡೆ?

ಪ್ರಶ್ನೆ: ನಾವು ಬೆಂಗಳೂರಿನ ಕೆಲವು ಗೆಳೆಯರು. ಎಲ್ಲರ ಹತ್ತಿರವೂ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ) ಗಾಡಿಗಳಿವೆ. ಕಳೆದ ಮಳೆಗಾಲದಲ್ಲಿ ಸಕಲೇಶಪುರ ಕಡೆಯ ಒಂದು ಗುಡ್ಡಕ್ಕೆ ಹೋಗಿದ್ದೆವು. ಬೇಲಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ಹಳ್ಳ ದಾಟಿ ಹುಲ್ಲಿನ ಗುಡ್ಡ ಹತ್ತಿದೆವು. ಇಳಿಯುವಾಗ ಅರಣ್ಯ ಇಲಾಖೆಯವರು ತಡೆದು, ಹೆಸರು ಮತ್ತು ಗಾಡಿ ನಂಬರ್ ಬರೆದುಕೊಂಡು, ಕೇಸ್ ಹಾಕುತ್ತೇವೆ ಅಂದರು. ಅದೇ ಕಡೆ ಊರಿನವರ ಜೀಪ್ ದಿನಾ ಓಡಾಡುತ್ತದೆ. ಮಾಂದಲಪಟ್ಟಿಯಲ್ಲಿ, ಕೊಡಚಾದ್ರಿಯಲ್ಲಿ ದುಡ್ಡು ಕೊಟ್ಟರೆ ಬಾಡಿಗೆ ಜೀಪ್ ಹತ್ತಿಸುತ್ತಾರೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲೂ ಓಡಿಸಬೇಡಿ ಅನ್ನುತ್ತಾರೆ. ಸರ್ಕಾರಿ ಜಾಗ ಅಂದ್ರೆ ಜನರ ಜಾಗ ಅಲ್ವಾ? ನಾವು ಮರ ಕಡಿದಿಲ್ಲ, ಬೇಟೆ ಆಡಿಲ್ಲ, ಬರೀ ಹುಲ್ಲಿನ ಮೇಲೆ ಓಡಿಸಿದೆವು. ಹಾಗಾದರೆ ನಾವು ಎಲ್ಲಿ ಓಡಿಸಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಗುಡ್ಡ ರಿಸರ್ವ್ ಫಾರೆಸ್ಟ್ (ಮೀಸಲು ಅರಣ್ಯ) ಆಗಿದ್ದರೆ ನಿಮ್ಮನ್ನು ತಡೆದದ್ದು ಸರಿ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 24ರ ಪ್ರಕಾರ ರಿಸರ್ವ್ ಫಾರೆಸ್ಟಿನೊಳಗೆ ಅನುಮತಿ ಇಲ್ಲದೆ ನುಗ್ಗುವುದೇ ಅಪರಾಧ. ಮರ ಕಡಿಯಲಿ, ಬಿಡಲಿ. ಬೇಲಿ ಇರಲಿಲ್ಲ ಅನ್ನುವ ವಾದವೂ ನಿಲ್ಲುವುದಿಲ್ಲ. ಮಲೆನಾಡಿನ ಸಾವಿರಾರು ಎಕರೆ ಕಾಡಿಗೆ ಬೇಲಿ ಹಾಕಲು ಯಾರಿಂದಲೂ ಆಗುವುದಿಲ್ಲ. ಗಡಿ ಇರುವುದು ಗೆಜೆಟ್ಟಿನಲ್ಲಿ, ಸರ್ವೆ ನಕ್ಷೆಯಲ್ಲಿ. ನೆಲದ ಮೇಲೆ ಕಲ್ಲು ಗುಪ್ಪೆ ಇದ್ದರೆ ಅದೃಷ್ಟ.

ಜಾಗ ವನ್ಯಧಾಮ ಅಥವಾ ರಾಷ್ಟ್ರೀಯ ಉದ್ಯಾನ ಆಗಿದ್ದರೆ ವಿಷಯ ಇನ್ನೂ ಗಂಭೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 27 ಯಾರು ಒಳಗೆ ಬರಬಹುದು ಎಂದು ಪಟ್ಟಿಯನ್ನೇ ಕೊಟ್ಟಿದೆ. ಕೆಲಸದ ಮೇಲಿರುವ ಸರ್ಕಾರಿ ನೌಕರ, ಪರವಾನಗಿ ಪಡೆದವರು, ಒಳಗೆ ಆಸ್ತಿಯ ಹಕ್ಕಿರುವವರು ಮತ್ತು ಅವರ ಅವಲಂಬಿತರು, ಆಮೇಲೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು. ಪಟ್ಟಿ ಹೆಚ್ಚುಕಮ್ಮಿ ಅಷ್ಟೇ. ಕೊನೆಯದನ್ನು ಗಮನಿಸಿ. ಹೆದ್ದಾರಿಯಲ್ಲಿ ಹೋಗುವಾಗ ನಿಮ್ಮ ಗಾಡಿಗೆ ತೊಂದರೆ ಇಲ್ಲ. ಡಾಂಬರು ಬಿಟ್ಟು ಹುಲ್ಲಿಗೆ ಇಳಿದರೆ ನೀವು ಆ ಪಟ್ಟಿಯಿಂದ ಆಚೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೂ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೊದಲು ದಂಡದ ಮಿತಿ 25 ಸಾವಿರ ಇತ್ತು. ಗಾಡಿಯನ್ನೂ ಜಪ್ತಿ ಮಾಡಬಹುದು.

ಇನ್ನು ಊರಿನವರ ಜೀಪ್ ವಿಷಯ. ಇಲ್ಲಿ ನಿಮಗೆ ತಾರತಮ್ಯ ಕಾಣುತ್ತಿದೆ. ಆದರೆ ಅದು ತಾರತಮ್ಯ ಅಲ್ಲ, ಹಕ್ಕು. ಒಂದು ಜಾಗವನ್ನು ರಿಸರ್ವ್ ಫಾರೆಸ್ಟ್ ಮಾಡುವಾಗ ಮೊದಲು ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ ಬರುತ್ತದೆ. ಆಮೇಲೆ ಅಧಿಕಾರಿಯೊಬ್ಬರು ಆ ಊರಿನವರ ಹಕ್ಕುಗಳನ್ನು ವಿಚಾರಿಸಬೇಕು. ದಾರಿಯ ಹಕ್ಕು, ಮೇವಿನ ಹಕ್ಕು, ನೀರಿನ ಹಕ್ಕು ಎಲ್ಲವೂ ಅದರಲ್ಲಿ ಬರುತ್ತವೆ. ಅದೆಲ್ಲ ಮುಗಿದ ಮೇಲೆ ಸೆಕ್ಷನ್ 17ರ ಅಂತಿಮ ಅಧಿಸೂಚನೆ. ಹೀಗೆ ಒಪ್ಪಿದ ದಾರಿಯಲ್ಲಿ ಆ ಊರಿನವರು ಓಡಾಡುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯೂ ಕಾಡಿನಲ್ಲಿ ಬದುಕುವವರಿಗೆ ಕೆಲವು ಹಕ್ಕು ಕೊಟ್ಟಿದೆ. ಇದರ ಜೊತೆಗೆ, ಮಲೆನಾಡಿನಲ್ಲಿ ಜೀಪ್ ಅಂದ್ರೆ ಗೊಬ್ಬರದ ಮೂಟೆ, ಕಾಫಿ ಮೂಟೆ, ಶಾಲೆ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸು. ಆ ಜೀಪ್ ಒಂದೇ ಜಾಡಿನಲ್ಲಿ ಹೋಗಿ ಅದೇ ಜಾಡಿನಲ್ಲಿ ಬರುತ್ತದೆ. ಜಾಡು ಕೊರೆದರೆ ಊರಿನವರೇ ಕಲ್ಲು ಹಾಕಿ ಸರಿ ಮಾಡಿಕೊಳ್ಳುತ್ತಾರೆ. ನೀವು ದಾರಿ ಇಲ್ಲದ ಕಡೆ ಹತ್ತಿದಿರಿ. ಆ ಊರಿನವರು ಅದನ್ನು ಮಾಡುವುದಿಲ್ಲ.

ಮಾಂದಲಪಟ್ಟಿ ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದ ಜಾಗ. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದೊಳಗಿದೆ. ವನ್ಯಜೀವಿ ಕಾಯ್ದೆಯ ಸೆಕ್ಷನ್ 28ರಲ್ಲಿ ಪ್ರವಾಸೋದ್ಯಮಕ್ಕೆ ಪರವಾನಗಿ ಕೊಡಲು ಅವಕಾಶ ಇದೆ. ಅದಕ್ಕೇ ಅಲ್ಲಿ ಚೆಕ್‌ಪೋಸ್ಟ್, ಟಿಕೆಟ್, ಗೊತ್ತಾದ ಒಂದೇ ದಾರಿ. ಮಳೆ ಜೋರಾದಾಗ ಆ ದಾರಿಗಳನ್ನೂ ಮುಚ್ಚುತ್ತಾರೆ. ಹಾಗಂತ ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ರಜೆ ದಿನ ಸಾಲುಗಟ್ಟಿ ಹತ್ತುವ ಜೀಪುಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಾಡಿಗಳ ಸಂಖ್ಯೆಗೆ ಅಲ್ಲೂ ಕಟ್ಟುನಿಟ್ಟಿನ ಮಿತಿ ಬೇಕು. ಆದರೂ ಒಂದು ದಾರಿಗೆ ಆಗುವ ಹಾನಿಯೇ ಬೇರೆ, ಇಡೀ ಗುಡ್ಡಕ್ಕೆ ಆಗುವ ಹಾನಿಯೇ ಬೇರೆ.

ಈಗ ನಿಮ್ಮ ಮುಖ್ಯ ಮಾತಿಗೆ ಬರುತ್ತೇನೆ. ಮರ ಕಡಿದಿಲ್ಲ, ಬೇಟೆ ಆಡಿಲ್ಲ, ಬರೀ ಹುಲ್ಲಿನ ಮೇಲೆ ಓಡಿಸಿದೆವು ಅಂದಿರಿ. ಈ "ಬರೀ ಹುಲ್ಲು" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಮರ ಇಲ್ಲದ ಗುಡ್ಡ ಕಂಡರೆ ಯಾರೋ ಕಾಡು ಕಡಿದಿದ್ದಾರೆ ಅಂತ ಹೊರಗಿನವರಿಗೆ ಅನಿಸುತ್ತದೆ. ಎತ್ತರದ ಬಹಳಷ್ಟು ಗುಡ್ಡಗಳಲ್ಲಿ ಅದು ಹಾಗಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಸಾಲುಗಳಲ್ಲಿ ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಮೇಲೆ ಹುಲ್ಲು. ಎರಡೂ ಸೇರಿ ಒಂದೇ ವ್ಯವಸ್ಥೆ. ಹುಲ್ಲಿನ ಬೇರು ದಟ್ಟವಾದ ಜಾಲ. ಮೇಲಿನ ಮಣ್ಣು ತೆಳು, ಅದರ ಕೆಳಗೆ ಬಂಡೆ ಅಥವಾ ಜಂಬಿಟ್ಟಿಗೆ. ಮಳೆ ಬಿದ್ದಾಗ ಆ ಜಾಲದಲ್ಲಿ ನೀರು ನಿಧಾನಕ್ಕೆ ಇಂಗುತ್ತದೆ, ಕಣಿವೆಯ ಒರತೆಗಳಲ್ಲಿ ನಿಧಾನಕ್ಕೆ ಹೊರಬರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದು ಇಂಥ ಗುಡ್ಡಗಳ ನಡುವೆಯೇ. ಹೇಮಾವತಿಗೂ ಕುಮಾರಧಾರೆಗೂ ಇಂಥ ಹಳ್ಳಗಳೇ ತಾಯಿ.

ಈ ನೆಲದ ಮೇಲೆ ಎರಡು ಟನ್ನಿನ ಗಾಡಿ ಹತ್ತಿದರೆ ಏನಾಗುತ್ತದೆ? ಮಣ್ಣಿನ ಕಣಗಳ ನಡುವಿನ ಸಣ್ಣ ತೂತುಗಳು ಮುಚ್ಚುತ್ತವೆ. ನೀರು ಇಂಗುವುದು ಆ ತೂತುಗಳಲ್ಲೇ. ಮಣ್ಣು ಒತ್ತಿಕೊಳ್ಳುವುದು ಬಹುಪಾಲು ಮೊದಲ ಕೆಲವು ಸಲ ಚಕ್ರ ಉರುಳಿದಾಗಲೇ ಅಂತ ಮಣ್ಣಿನ ತಜ್ಞರಿಗೆಲ್ಲ ಗೊತ್ತು. ಹಾಗಾಗಿ "ಒಂದೇ ಸಲ ತಾನೇ ಹೋಗಿದ್ದು" ಅನ್ನುವ ಸಮಾಧಾನಕ್ಕೆ ಅರ್ಥ ಇಲ್ಲ. ನೀವು ನಾಲ್ಕೈದು ಗಾಡಿ ಒಟ್ಟಿಗೆ ಹೋದರೆ ಒಂದೇ ಬೆಳಿಗ್ಗೆ ಮುಕ್ಕಾಲು ಹಾನಿ ಮುಗಿದಿರುತ್ತದೆ. ಇಳಿಜಾರಿನಲ್ಲಿ ಚಕ್ರ ಜಾರಿ ತಿರುಗಿದರೆ ಹುಲ್ಲಿನ ಬೇರೇ ಕಿತ್ತು ಬರುತ್ತದೆ. ಮುಂದಿನ ಮಳೆಯಲ್ಲಿ ನೀರು ಆ ಗೀರನ್ನೇ ಹಿಡಿದು ಇಳಿಯುತ್ತದೆ. ಈ ವರ್ಷ ಬೆರಳಿನ ಆಳ ಇದ್ದದ್ದು ಮುಂದೆ ಮೊಣಕಾಲಿನ ಆಳದ ಕೊರಕಲಾಗುತ್ತದೆ. ತೆಳು ಮಣ್ಣು ತೊಳೆದುಹೋದ ಮೇಲೆ ಅಲ್ಲಿ ಹುಲ್ಲು ಮತ್ತೆ ಬರುವುದು ಬಹಳ ಕಷ್ಟ. ಬಯಲುಸೀಮೆಯಿಂದ ಟೈರಿನ ಕೆಸರಲ್ಲಿ ಅಂಟಿಕೊಂಡು ಬಂದ ಪಾರ್ಥೇನಿಯಂ ಬೀಜಕ್ಕೆ ಮಾತ್ರ ಅಂಥ ಬರಿ ನೆಲ ಸಾಕು.

ಇದರಲ್ಲಿ ನನಗೆ ಹೆಚ್ಚು ಬೇಸರ ತರುವುದು ಕಾಲದ ವಿಷಯ. ಒಣ ಮಣ್ಣಿಗಿಂತ ಒದ್ದೆ ಮಣ್ಣು ಬೇಗ ಒತ್ತಿಕೊಳ್ಳುತ್ತದೆ, ಬೇಗ ಕಿತ್ತುಬರುತ್ತದೆ. ಆಫ್‌ರೋಡ್ ಮಾಡುವವರಿಗೆ ಮಜಾ ಕೊಡುವುದೂ ಒದ್ದೆ ಮಣ್ಣೇ. ಜೂನ್ ಬಂತು ಅಂದ್ರೆ ಕೆಸರು ಹುಡುಕಿಕೊಂಡು ಗಾಡಿಗಳು ಘಟ್ಟ ಹತ್ತುತ್ತವೆ. ನೆಲ ಯಾವಾಗ ತೀರಾ ಮೆತ್ತಗಿರುತ್ತದೋ ಆಗಲೇ ಅದರ ಮೇಲೆ ಭಾರ ಜಾಸ್ತಿ. ಬೇರೆ ಯಾವ ನಿಯಮ ಮಾಡದಿದ್ದರೂ, ಮಳೆಗಾಲದಲ್ಲಿ ಘಟ್ಟದ ಕಚ್ಚಾ ದಾರಿಗಳಲ್ಲಿ ಮೋಜಿನ ಓಡಾಟ ಬೇಡ ಅನ್ನುವ ಒಂದು ನಿಯಮ ಗಟ್ಟಿಯಾಗಿ ಜಾರಿಯಾದರೂ ನನಗೆ ದೊಡ್ಡ ಸಮಾಧಾನ.

ಹಳ್ಳ ದಾಟಿದೆವು ಅಂತಲೂ ಬರೆದಿದ್ದೀರಿ. ಕೊಟ್ಟಿಗೆಹಾರ ಗೊತ್ತಲ್ಲ, ಮೂಡಿಗೆರೆಯಿಂದ ಚಾರ್ಮಾಡಿಗೆ ಹೋಗುವಾಗ ಸಿಗುವ ಊರು. ಆ ಊರಿನ ಹೆಸರಿನಲ್ಲೇ ಒಂದು ಕಪ್ಪೆ ಇದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್ ಅದನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಒಂದಿಂಚಿನ ಆಸುಪಾಸಿನ ಕಪ್ಪೆ. ಹಳ್ಳದ ಸದ್ದಿನಲ್ಲಿ ಕೂಗು ಕೇಳಿಸುವುದು ಕಷ್ಟ ಅಂತ ಗಂಡು ಕಪ್ಪೆ ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುತ್ತದೆ. ಹೆಣ್ಣು ಕಪ್ಪೆ ಹರಿಯುವ ನೀರಿನ ತಳದ ಮರಳು ಜಲ್ಲಿಯನ್ನು ಹಿಂಗಾಲಿನಿಂದ ತೋಡಿ ಅಲ್ಲಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ನೀವು ದಾಟಿದ ಹಳ್ಳದಲ್ಲಿ ಅದೇ ಕಪ್ಪೆ ಇತ್ತೋ ಇಲ್ಲವೋ, ಆ ಸೀಮೆಯ ಹಳ್ಳಗಳ ತಳ ಇಂಥ ಜೀವಗಳ ಮನೆ. ಮಳೆ ಇಳಿದು ನೀರು ತಿಳಿಯಾದ ಮೇಲೆ, ಇನ್ನು ದಾಟಬಹುದು ಅಂತ ನೀವು ಗಾಡಿ ಇಳಿಸುವ ಹೊತ್ತಿಗೆ, ಅಲ್ಲಿ ಮೊಟ್ಟೆ ಇರುತ್ತದೆ.

ಅದೇ ಹಳ್ಳ ಕೆಳಗಿನ ಮನೆಗಳಿಗೆ ಕುಡಿಯುವ ನೀರು. ಮಲೆನಾಡಿನ ಎಷ್ಟೋ ಮನೆಗಳಿಗೆ ಇವತ್ತಿಗೂ ಅಬ್ಬಿ ನೀರೇ ಆಧಾರ. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಗುಡ್ಡದಿಂದ ನೇರ ಪೈಪಿನಲ್ಲಿ ಬರುತ್ತದೆ. ಪಂಪಿಲ್ಲ, ಫಿಲ್ಟರ್ ಇಲ್ಲ. ಮೇಲೆ ನಾಲ್ಕು ಗಾಡಿ ಹಳ್ಳದಲ್ಲಿ ಇಳಿದು ಕಲಕಿದರೆ ಕೆಳಗೆ ಅಡುಗೆಮನೆಯ ನಲ್ಲಿಯಲ್ಲಿ ಕೆಂಪು ನೀರು. ಪೈಪಿನ ಬಾಯಿಗೆ ಕೆಸರು ಕಟ್ಟಿದರೆ ಯಾರೋ ಒಬ್ಬರು ಮಳೆಯಲ್ಲಿ ಗುಡ್ಡ ಹತ್ತಿ ತೆಗೆಯಬೇಕು. ಇಲಾಖೆಗೆ ದೂರು ಹೋಗುವುದು ಬಹಳ ಸಲ ಇಂಥ ಮನೆಗಳಿಂದ. ನಿಮ್ಮನ್ನು ತಡೆದವರಿಗೆ ಫೋನ್ ಮಾಡಿದ್ದೂ ಆ ಊರಿನವರೇ ಇರಬಹುದು, ಅದರಲ್ಲಿ ಆಶ್ಚರ್ಯ ಇಲ್ಲ.

ಇಲ್ಲಿಗೆ "ಜನರ ಜಾಗ" ಅನ್ನುವ ನಿಮ್ಮ ಮಾತಿಗೆ ಉತ್ತರ ಸಿಗುತ್ತದೆ. ನಮ್ಮ ರಾಜ್ಯದಲ್ಲಿ ಸುಮ್ನೆ ಬಿದ್ದಿರುವ ಸರ್ಕಾರಿ ಜಾಗ ಅನ್ನುವುದು ಇಲ್ಲವೇ ಇಲ್ಲ. ಪ್ರತಿಯೊಂದಕ್ಕೂ ಒಂದು ವರ್ಗ ಇದೆ, ಒಂದು ಬಳಕೆ ಇದೆ. ಗೋಮಾಳ ದನಗಳಿಗೆ. ಭೂಕಂದಾಯ ನಿಯಮದ ಪ್ರಕಾರ 100 ದನಕ್ಕೆ 30 ಎಕರೆ ಲೆಕ್ಕದಲ್ಲಿ ಮೇವಿಗೆ ಬಿಡಬೇಕು. ಸೊಪ್ಪಿನಬೆಟ್ಟ ತೋಟದ ಸೊಪ್ಪಿಗೆ. ಬಿ ಖರಾಬು ಅಂದ್ರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಹೊಳೆ, ಹಳ್ಳ, ಕೆರೆ ಎಲ್ಲ 1964ರ ಭೂಕಂದಾಯ ಕಾಯ್ದೆಯ ಸೆಕ್ಷನ್ 67ರ ಪ್ರಕಾರ ಸರ್ಕಾರದ್ದು. ಹಾಸನ, ಕೊಡಗು ಕಡೆ ಸಿ ಅಂಡ್ ಡಿ ಜಮೀನು ಅಂತ ಇನ್ನೊಂದು ಬಗೆ ಇದೆ. ಪಹಣಿಯಲ್ಲಿ ಕಂದಾಯ ಜಮೀನಿನಂತೆ ಕಂಡರೂ ಅರಣ್ಯ ಇಲಾಖೆ ತನ್ನದು ಅನ್ನುತ್ತದೆ. ಡೀಮ್ಡ್ ಫಾರೆಸ್ಟ್ (ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡೆಂದು ಪರಿಗಣಿಸುವ ಜಾಗ) ಗೋಜಲಂತೂ ದೊಡ್ಡದು. ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಅಂತ ಗುರುತಿಸಿದ್ದು, 2022ರಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಇಂಥ ಗೋಜಲು ಇರುವಾಗ ಗುಡ್ಡದ ಬುಡದಲ್ಲಿ ನಿಂತು "ಇದು ಖಾಲಿ ಜಾಗ" ಅಂತ ನೀವೇ ತೀರ್ಮಾನ ಮಾಡುವುದು ಅಪಾಯ.

ಇದಕ್ಕೆ ಒಂದು ಸುಲಭ ದಾರಿ ಇದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಆ ನಂಬರ್ ಹಿಡಿದು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಏನು ಬರೆದಿದೆ ನೋಡಿ. ಅರಣ್ಯ, ಗೋಮಾಳ, ಕೆರೆ, ಸೊಪ್ಪಿನಬೆಟ್ಟ, ಹೀಗೆ ಏನಿದ್ದರೂ ಗಾಡಿ ಇಳಿಸಬೇಡಿ. ಆ್ಯಪ್ ಗಡಿಯನ್ನು ಅಂಗುಲ ಲೆಕ್ಕದಲ್ಲಿ ನಂಬಬೇಡಿ. ಗಡಿಯ ಹತ್ತಿರ ಇದ್ದರೆ ಆ ವಲಯದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಯಲ್ಲಿ ಕೇಳುವುದೇ ಸರಿ.

ಹೆಸರಘಟ್ಟದ ವಿಷಯ ಸ್ವಲ್ಪ ಬೇರೆ. ಅರ್ಕಾವತಿಗೆ ಅಡ್ಡ ಕಟ್ಟಿದ ಆ ಕೆರೆ 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಸಿದ್ಧವಾದದ್ದು. ಅದರ ಸುತ್ತ ಉಳಿದಿರುವ ಹುಲ್ಲುಗಾವಲು ಬೆಂಗಳೂರಿನ ಹತ್ತಿರದ ಕೊನೆಯ ದೊಡ್ಡ ಹುಲ್ಲುಗಾವಲುಗಳಲ್ಲಿ ಒಂದು. 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿನ ಸುಮಾರು 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಬಹಳ ವರ್ಷ ಪಕ್ಷಿಪ್ರಿಯರು, ಸುತ್ತಲಿನವರು ಹೋರಾಡಿ ಪಡೆದದ್ದು ಅದು. ಕಾನೂನಿನ ಒಂದು ಸೂಕ್ಷ್ಮ ಇಲ್ಲಿದೆ. ಸಂರಕ್ಷಣಾ ಮೀಸಲಿಗೆ ವನ್ಯಜೀವಿ ಕಾಯ್ದೆಯ ಸೆಕ್ಷನ್ 36ಎ ಅನ್ವಯಿಸುತ್ತದೆ. ವನ್ಯಧಾಮದಂತೆ ಒಳಗೆ ಬರುವುದನ್ನೇ ಅದು ನಿಷೇಧಿಸುವುದಿಲ್ಲ. ಕುರಿ, ದನ ಮೇಯಿಸುವವರನ್ನು ಹೊರಗೆ ಹಾಕುವುದಿಲ್ಲ ಅನ್ನುವುದು ಅದರ ಒಳ್ಳೆಯ ಗುಣ. ಆದರೆ ಕಾಡುಪ್ರಾಣಿಗಳನ್ನು ಕೆಣಕುವುದು, ಕಸ ಹಾಕುವುದು, ಬೆಂಕಿ ಹಚ್ಚುವುದು ಅಲ್ಲಿ ಅಪರಾಧ. ಚಳಿಗಾಲದಲ್ಲಿ ದೂರದಿಂದ ಬರುವ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ರಾತ್ರಿ ತಂಗುವುದು ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ನೆಲಗುಬ್ಬಿಗಳು ಗೂಡು ಮಾಡುವುದೂ ನೆಲದಲ್ಲೇ. ಸಂಜೆ ಹೆಡ್‌ಲೈಟ್ ಹಾಕಿಕೊಂಡು ಹುಲ್ಲಿನಲ್ಲಿ ಗಾಡಿ ಸುತ್ತಿಸಿದರೆ ಅದು ಕೆಣಕುವುದಲ್ಲದೆ ಇನ್ನೇನು? "ಗಾಡಿ ಬೇಡ ಅಂತ ಎಲ್ಲಿ ಬರೆದಿದೆ" ಅಂತ ಅಲ್ಲಿ ವಾದ ಮಾಡಬೇಡಿ ಅನ್ನುವುದು ನನ್ನ ಕೋರಿಕೆ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಸರ್ಕಾರ "ಇಲ್ಲಿ ಬೇಡ" ಅನ್ನುತ್ತದೆ, "ಇಲ್ಲಿ ಆಗಬಹುದು" ಅಂತ ಎಲ್ಲೂ ಹೇಳುವುದಿಲ್ಲ. ಇದು ದೊಡ್ಡ ಕೊರತೆ. ಅಮೆರಿಕದಲ್ಲಿರುವ ನಿಮ್ಮ ಗೆಳೆಯರನ್ನು ಕೇಳಿ. ಅಲ್ಲಿ 1972ರಲ್ಲೇ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ಜಮೀನು ನೋಡಿಕೊಳ್ಳುವ ಸಂಸ್ಥೆಗಳು ಯಾವ ದಾರಿ, ಯಾವ ಜಾಗ ಗಾಡಿಗೆ ತೆರೆದಿದೆ, ಯಾವುದು ಮುಚ್ಚಿದೆ ಅಂತ ಗೊತ್ತುಮಾಡಬೇಕು; ಮಣ್ಣು, ನೀರು, ಗಿಡ, ಪ್ರಾಣಿಗಳಿಗೆ ಹಾನಿ ಆದಷ್ಟು ಕಡಿಮೆ ಇರುವಂತೆ ಆರಿಸಬೇಕು ಅಂತ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾನಿ ಕಂಡರೆ ತಕ್ಷಣ ಮುಚ್ಚಿ ಅಂದರು. 2005ರ ನಿಯಮ ಬಂದ ಮೇಲೆ ಅಲ್ಲಿನ ರಾಷ್ಟ್ರೀಯ ಅರಣ್ಯಗಳಲ್ಲಿ ನಕ್ಷೆಯಲ್ಲಿ ಗುರುತಿಸಿದ ದಾರಿ ಬಿಟ್ಟು ಗಾಡಿ ಓಡಿಸುವಂತಿಲ್ಲ. ಆ ನಕ್ಷೆ ಉಚಿತ. ಅದರಲ್ಲಿ ಇಲ್ಲದ ದಾರಿ ಅಂದ್ರೆ ಮುಚ್ಚಿದ ದಾರಿ. ಬೋರ್ಡ್ ಇರಬೇಕಾಗಿಲ್ಲ. ಅಲ್ಲೂ ಜಗಳ ನಿಂತಿಲ್ಲ, ಕೋರ್ಟಿಗೆ ಹೋಗುವುದು ನಡೆದೇ ಇದೆ. ಆದರೆ ಓಡಿಸುವವನಿಗೆ ತಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಗೊತ್ತಿರುತ್ತದೆ.

ನಮ್ಮಲ್ಲಿ ಅಷ್ಟು ವಿಶಾಲವಾದ ಜನವಿಲ್ಲದ ನೆಲ ಇಲ್ಲ. ಹಾಗಾಗಿ ಅವರ ಪದ್ಧತಿಯನ್ನು ಹಾಗೇ ತಂದರೆ ಆಗುವುದಿಲ್ಲ. ಘಟ್ಟದಲ್ಲಂತೂ ಹೊಸ ಟ್ರ್ಯಾಕ್ ಬೇಡವೇ ಬೇಡ. ಆದರೆ ಬಯಲುಸೀಮೆಯಲ್ಲಿ ಕಲ್ಲು ತೆಗೆದು ಬಿಟ್ಟ ಎಷ್ಟೋ ಕ್ವಾರಿಗಳಿವೆ. ನೆಲ ಈಗಾಗಲೇ ಕೆಟ್ಟಿದೆ. ನೀರು ನಿಂತು ಅಪಾಯವಾಗಿರುವ ಹೊಂಡಗಳನ್ನು ಬಿಟ್ಟು, ಸುರಕ್ಷಿತವಾದ ಒಂದೆರಡನ್ನು ಆರಿಸಿ, ಪಂಚಾಯಿತಿಗೆ ಶುಲ್ಕ ಬರುವಂತೆ ಮಾಡಿ ಆಫ್‌ರೋಡ್ ಮೈದಾನ ಮಾಡಬಹುದು. ಕಡಿದಾದ ಏರು, ಬಂಡೆ, ಕೆಸರು ಎಲ್ಲ ಅಲ್ಲೇ ಸಿಗುತ್ತದೆ. ಇದನ್ನು ಕೇಳಬೇಕಾದವರು ನಿಮ್ಮಂಥ ಕ್ಲಬ್ಬಿನವರು. ಗಾಡಿಗೆ ಲಕ್ಷಗಟ್ಟಲೆ ಹಾಕುವ ಜನ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಹಾಕಲು ಯಾಕೆ ಹಿಂಜರಿಯಬೇಕು?

ಸದ್ಯಕ್ಕೆ ಉಳಿದಿರುವುದು ಖಾಸಗಿ ಜಮೀನು. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಕೆಲವು ಎಸ್ಟೇಟುಗಳಲ್ಲಿ ಆಫ್‌ರೋಡ್ ಕೂಟಗಳು ನಡೆಯುತ್ತವೆ. ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಲಿ. ಅಲ್ಲೂ ಒಂದು ಎಚ್ಚರ ಬೇಕು. ತೋಟದ ಮಧ್ಯೆ ಹರಿಯುವ ಹಳ್ಳ ಸಾಮಾನ್ಯವಾಗಿ ಬಿ ಖರಾಬು. ಅದು ಮಾಲೀಕರದ್ದಲ್ಲ, ಆದ್ದರಿಂದ ಅವರ ಒಪ್ಪಿಗೆ ಅದಕ್ಕೆ ಸಾಲದು. ಟ್ರ್ಯಾಕಿಗಾಗಿ ಯಾರಾದರೂ ಪಕ್ಕದ ಕಾಡಿನೊಳಗೆ ಜೆಸಿಬಿ ಇಳಿಸಿ ದಾರಿ ಕಡಿದಿದ್ದರೆ ಅದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆ. ಅಂಥ ಕೂಟಕ್ಕೆ ಹೋಗಲೇಬೇಡಿ. ಸ್ಪರ್ಧೆ ಅಂತ ಮಾಡುವುದಾದರೆ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಕ್ಲಬ್ಬುಗಳ ಒಕ್ಕೂಟ) ಮಾನ್ಯತೆ, ಸ್ಥಳೀಯ ಆಡಳಿತದ ಅನುಮತಿ ಎರಡನ್ನೂ ಕೇಳಿ ನೋಡಿ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿ. ಸಾಮಾನ್ಯ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ, ಗಾಡಿಯ ತಾಕತ್ತಿನ ಪರೀಕ್ಷೆಗೆ ಬಳಸಿದರೆ ಪರಿಹಾರ ಇಲ್ಲ ಅಂತ ಇರುತ್ತದೆ. ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಶನ್ ಹಾಕಿಸಿದ್ದರೆ ಅದೂ ಒಂದು ತಲೆನೋವು. ಕಂಪನಿ ಕೊಟ್ಟ ವಿನ್ಯಾಸವನ್ನು ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊನೆಗೆ ನಿಮ್ಮ ಕೇಸಿನ ವಿಷಯ. ಇನ್ನೂ ನೋಟಿಸ್ ಬಂದಿಲ್ಲ ಅಂದ್ರೆ ಕಾಯುತ್ತಾ ಕೂರಬೇಡಿ. ಆ ರೇಂಜ್ ಕಚೇರಿಗೆ ನೀವೇ ಹೋಗಿ, ಎಫ್‌ಐಆರ್ ಆಗಿದೆಯಾ, ಯಾವ ಸೆಕ್ಷನ್ ಹಾಕಿದ್ದಾರೆ ಕೇಳಿ. ಅಪರಾಧ ಸಣ್ಣದಾಗಿದ್ದರೆ ಅಧಿಕಾರಿ ರಾಜಿ ಶುಲ್ಕ ಕಟ್ಟಿಸಿಕೊಂಡು ಮುಗಿಸಲು ಕಾನೂನಿನಲ್ಲೇ ಅವಕಾಶ ಇದೆ. ವನ್ಯಜೀವಿ ಕಾಯ್ದೆಯಲ್ಲಿ ಅದು ಸೆಕ್ಷನ್ 54. ಕಟ್ಟಿದ ದುಡ್ಡಿಗೆ ಇಲಾಖೆಯ ರಸೀದಿ ಪಡೆಯಿರಿ. ರಸೀದಿ ಇಲ್ಲದ ದಂಡಕ್ಕೆ ಬೆಲೆ ಇಲ್ಲ, ಕೇಸ್ ಹಾಗೇ ಉಳಿಯುತ್ತದೆ. ಯಾರ ಶಿಫಾರಸೂ ಹಿಡಿದುಕೊಂಡು ಹೋಗಬೇಡಿ. ಗುಡ್ಡದ ಮೇಲೆ ತೆಗೆದ ವಿಡಿಯೋಗಳನ್ನು ಇನ್‌ಸ್ಟಾಗ್ರಾಂನಿಂದ ಇಳಿಸಿ, ಯಾಕಂದ್ರೆ ಆ ಜಾಗದ ಲೊಕೇಶನ್ ನೋಡಿ ಮುಂದಿನ ಶನಿವಾರ ಇನ್ನೊಂದು ಗುಂಪು ಅಲ್ಲಿಗೇ ಹೊರಡುತ್ತದೆ. ಆದರೆ ಅಳಿಸಿಹಾಕಬೇಡಿ, ವಿಚಾರಣೆಯಲ್ಲಿ ಕೇಳಿದರೆ ಕೊಡಬೇಕಾಗುತ್ತದೆ. ನೀವು ಗಾಡಿ ಹತ್ತಿಸಿದ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ಬರೆದು ಕಳುಹಿಸಿ. ಅದು ಯಾವ ವರ್ಗದ ಜಮೀನು ಅಂತ ದಾಖಲೆ ನೋಡಿ ತಿಳಿಸುತ್ತೇನೆ. ಕ್ವಾರಿಗೆ ಅರ್ಜಿ ಹಾಕುವ ಮನಸ್ಸಿದ್ದರೆ ಅದರ ಕರಡನ್ನೂ ಬರೆದುಕೊಡುತ್ತೇನೆ.